ನೀರನ್ನು ಕೊರೆಯುವ ತಿರುಪು

ಕುಪವಾಡ ಎಂಐಡಿಸಿಯ ಲೇಥ್ ಶೆಡ್ಡುಗಳಲ್ಲಿ ದುಡಿಯುವ ಕನ್ನಡಿಗರಿಗೆ ‘ಪಿಚ್’ ಎಂಬ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಶಾಲೆಗೆ ಹೋಗುವ ಅವರ ಮಕ್ಕಳಿಗೆ ಒಂದು ಬೋಲ್ಟನ್ನೂ ಒಂದು ನಟ್ಟನ್ನೂ ಕೈಗೆ ಕೊಟ್ಟು ತೋರಿಸಿದರೆ ಸಾಕು. ನಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಾಗ ಅದು ಎಷ್ಟು ದೂರ ಮುಂದೆ ಸರಿಯುವುದೋ ಅದೇ ಪಿಚ್. ದೋಣಿಯ ಹಿಂಬದಿಯಲ್ಲಿ ನೀರಿನೊಳಗೆ ತಿರುಗುವ ಪ್ರೊಪೆಲರ್ ಕೂಡ ಇಂಥದೇ ಒಂದು ತಿರುಪು. ಕರಾವಳಿಯ ಮೀನುಗಾರರು ಅದನ್ನು ‘ಫ್ಯಾನ್’ ಎಂದು ಕರೆಯುತ್ತಾರೆ. ಆದರೆ ಅದರ ಕೆಲಸ ಗಾಳಿ ಬೀಸುವ ಪಂಖಕ್ಕಿಂತ ಬೋಲ್ಟಿನ ಕೆಲಸಕ್ಕೇ ಹೆಚ್ಚು ಹತ್ತಿರ. 21 ಅಂಗುಲ ಪಿಚ್ಚಿನ ಪ್ರೊಪೆಲರ್ ಒಂದು ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ದೋಣಿ 21 ಅಂಗುಲ ಮುಂದೆ ಹೋಗಬೇಕು.

ಹೋಗುವುದಿಲ್ಲ. ನೀರು ಉಕ್ಕಲ್ಲ, ಅದು ಹಿಂದಕ್ಕೆ ಜಾರುತ್ತದೆ. ಈ ಜಾರಿಕೆಗೆ ‘ಸ್ಲಿಪ್’ ಎಂದು ಹೆಸರು.

ಲೆಕ್ಕ ಹಾಕಿ ನೋಡುವುದು ಕಷ್ಟವಲ್ಲ. ಎಂಟನೆಯ ತರಗತಿಯ ಗಣಿತ ಸಾಕು. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುತ್ತಿದೆ, ಗೇರಿನ ಅನುಪಾತ 1.75 ಎಂದಿಟ್ಟುಕೊಂಡರೆ ಪ್ರೊಪೆಲರ್ ತಿರುಗುವುದು ನಿಮಿಷಕ್ಕೆ ಸುಮಾರು 3,314 ಸುತ್ತು. ಅದನ್ನು 21 ಅಂಗುಲದಿಂದ ಗುಣಿಸಿ ಮೀಟರಿಗೆ ತಂದರೆ ನಿಮಿಷಕ್ಕೆ 1,768 ಮೀಟರ್, ಅಂದರೆ ಗಂಟೆಗೆ 106 ಕಿ.ಮೀ. ಜಿಪಿಎಸ್ ತೋರಿಸಿದ ನಿಜವಾದ ವೇಗ 95 ಕಿ.ಮೀ. ಆಗಿದ್ದರೆ ಸ್ಲಿಪ್ ಶೇಕಡಾ 10ಕ್ಕಿಂತ ತುಸು ಹೆಚ್ಚು. ಹಗುರವಾದ ವೇಗದ ದೋಣಿಗೆ ಇದು ಒಪ್ಪುವ ಸಂಖ್ಯೆ. ಶೇಕಡಾ 25 ಬಂದರೆ ಎಲ್ಲೋ ಏನೋ ತಪ್ಪಿದೆ ಎಂದು ತಿಳಿಯಬೇಕು: ಎಂಜಿನ್ ಅತಿ ಎತ್ತರದಲ್ಲಿ ಕೂತಿರಬಹುದು, ಎಲೆ ಬಾಗಿರಬಹುದು, ತಳದಲ್ಲಿ ಪಾಚಿ ಬೆಳೆದಿರಬಹುದು.

ತಿರುಪಿನಿಂದ ದೋಣಿ ನಡೆಸುವ ವಿಚಾರವೇ ಒಂದು ಅಪಘಾತದಿಂದ ಬುದ್ಧಿ ಕಲಿಯಿತು. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಪೇಟೆಂಟ್ ಪಡೆದದ್ದು ಎರಡು ಸುತ್ತಿನ ಉದ್ದನೆಯ ಮರದ ತಿರುಪಿಗೆ. ಮರುವರ್ಷ ಕಾಲುವೆಯಲ್ಲಿ ಪರೀಕ್ಷೆ ನಡೆಸುತ್ತಿದ್ದಾಗ ಅದರ ಅರ್ಧ ಭಾಗ ಮುರಿದುಬಿತ್ತು. ದೋಣಿ ನಿಲ್ಲಬೇಕಿತ್ತು, ಬದಲಿಗೆ ಮೊದಲಿಗಿಂತ ವೇಗವಾಗಿ ಓಡಿತು. ಉದ್ದನೆಯ ತಿರುಪು ಬೇಡ, ಅದರ ಚಿಕ್ಕದೊಂದು ತುಂಡು ಸಾಕು ಎಂಬುದನ್ನು ಆ ಮುರಿದ ಮರವೇ ಹೇಳಿಕೊಟ್ಟಿತು.

ವೇಗ ಬೇಕೆಂದರೆ ಹೆಚ್ಚು ಪಿಚ್ ಹಾಕಿದರಾಯಿತು ಎಂದು ಹೊಸಬರು ತಿಳಿಯುತ್ತಾರೆ. ಇದು ಮೊದಲ ಗೇರಿನ ಏರಿನಲ್ಲಿ ಲಾರಿಯನ್ನು ನಾಲ್ಕನೆಯ ಗೇರಿಗೆ ಹಾಕಿದಂತೆ. ಪಿಚ್ ಒಂದು ಅಂಗುಲ ಹೆಚ್ಚಿದರೆ ಎಂಜಿನ್ನಿನ ಸುತ್ತು ಸಾಮಾನ್ಯವಾಗಿ 150ರಿಂದ 200ರಷ್ಟು ಇಳಿಯುತ್ತದೆ. ತಯಾರಕರು ಪ್ರತಿ ಎಂಜಿನ್ನಿಗೂ ಪೂರ್ತಿ ಥ್ರಾಟಲ್ಲಿನಲ್ಲಿ ಇಷ್ಟರಿಂದ ಇಷ್ಟು ಸುತ್ತು ತಿರುಗಬೇಕೆಂದು ಗೊತ್ತುಮಾಡಿರುತ್ತಾರೆ. ಪ್ರೊಪೆಲರ್ ಆರಿಸುವವನ ಮೊದಲ ಕರ್ತವ್ಯ ಎಂಜಿನ್ನನ್ನು ಆ ಮಿತಿಯ ಮೇಲಂಚಿಗೆ ತರುವುದು. ಅದಕ್ಕಿಂತ ಕೆಳಗೆ ಉಳಿದರೆ ಎಂಜಿನ್ ಏದುಸಿರು ಬಿಡುತ್ತ ತನ್ನ ಪೂರ್ತಿ ಅಶ್ವಶಕ್ತಿಯನ್ನು ಕೊಡದು. ಮೀರಿ ತಿರುಗಿದರೆ ಅದರ ಆಯುಷ್ಯ ಸವೆಯುತ್ತದೆ.

ಪಿಚ್ ಹೊಂದಿದ ಮೇಲೆ ಉಳಿದ ಗುಣಗಳ ಸರದಿ. ವ್ಯಾಸ ದೊಡ್ಡದಾದರೆ ಹಿಡಿತ ಹೆಚ್ಚು, ಎಳೆತವೂ ಹೆಚ್ಚು. ಮೂರು ಎಲೆಯದು ತುದಿವೇಗಕ್ಕೆ, ನಾಲ್ಕು ಎಲೆಯದು ತಿರುವಿನಲ್ಲಿಯೂ ಭಾರದಲ್ಲಿಯೂ ಹಿಡಿತಕ್ಕೆ ಎಂಬುದು ವಾಡಿಕೆಯ ಮಾತು. ಎಲೆಯ ಹಿಂದಿನ ಅಂಚನ್ನು ಸ್ವಲ್ಪವೇ ಒಳಕ್ಕೆ ಬಗ್ಗಿಸುವುದುಂಟು. ಇದಕ್ಕೆ ‘ಕಪ್ಪಿಂಗ್’ ಎನ್ನುತ್ತಾರೆ. ಒಂದೆರಡು ಮಿಲಿಮೀಟರಿನ ಈ ಬಾಗು ಗಾಳಿ ಬೆರೆತ ನೀರಿನಲ್ಲಿಯೂ ಎಲೆಯ ಹಿಡಿತ ತಪ್ಪದಂತೆ ನೋಡಿಕೊಳ್ಳುತ್ತದೆ, ಸುತ್ತನ್ನೂ ತುಸು ಇಳಿಸುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಎಲೆಯನ್ನು ತೆಳ್ಳಗೆ ಮಾಡಿದರೂ ಅದು ಬಲದಡಿ ಬಾಗದು; ಅಲ್ಯುಮಿನಿಯಂ ಬಾಗುತ್ತದೆ. ವೇಗಕ್ಕೆ ಉಕ್ಕೇ ಮೇಲು.

ಎಲೆಯ ಮೇಲೆ ಕಾಣುವ ಸಣ್ಣ ಸಣ್ಣ ಗುಳಿಗಳ ವಿಷಯಕ್ಕೆ ಬಂದರೆ, ಸಾಂಗ್ಲಿ ಸೀಮೆಯವರು ಅದನ್ನು ಬೇರೊಂದು ರೂಪದಲ್ಲಿ ಬಲ್ಲರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು; ಆ ಊರಿನ ಹೆಸರು ಪಂಪಿನೊಡನೆ ಬೆಸೆದುಕೊಂಡಿದೆ. ಪಂಪಿನ ಇಂಪೆಲರ್ ಪ್ರೊಪೆಲರಿನ ದಾಯಾದಿಯೇ ಸರಿ. ಹೀರುವ ಕಡೆ ಒತ್ತಡ ತೀರ ಕುಸಿದಾಗ ನೀರು ತಣ್ಣಗಿದ್ದೂ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಒತ್ತಡ ಏರಿದೊಡನೆ ಆ ಗುಳ್ಳೆಗಳು ಸಿಡಿದು ಲೋಹವನ್ನು ಕೆತ್ತುತ್ತವೆ. ಪಂಪಿನೊಳಗೆ ಜಲ್ಲಿಕಲ್ಲು ಅಲ್ಲಾಡಿಸಿದಂಥ ಸದ್ದು ಕೇಳಿದರೆ ಫಿಟ್ಟರನು ‘ಕ್ಯಾವಿಟೇಷನ್’ ಎನ್ನುತ್ತಾನೆ. ಚಾರ್ಲ್ಸ್ ಪಾರ್ಸನ್ಸ್ ಟರ್ಬೈನಿನಿಂದ ಓಡುವ ‘ಟರ್ಬೀನಿಯಾ’ ನೌಕೆಯನ್ನು ಮೊದಲು ನೀರಿಗಿಳಿಸಿದಾಗ ಇದೇ ಕಾಟದಿಂದ ಅದು 20 ನಾಟ್ ಕೂಡ ಮುಟ್ಟಲಿಲ್ಲ. ಎಂಜಿನ್ನಿನ ಬಲಕ್ಕೆ ಕೊರತೆಯಿರಲಿಲ್ಲ. ಒಂದೇ ಪ್ರೊಪೆಲರ್ ಅಷ್ಟು ಬಲವನ್ನು ನೀರಿಗೆ ದಾಟಿಸಲಾರದೆ ಹೋಯಿತು. ಅವರು ಮೂರು ಶಾಫ್ಟುಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲರುಗಳನ್ನು ತೊಡಿಸಿದರು. 1897ರಲ್ಲಿ ಬ್ರಿಟಿಷ್ ನೌಕಾಪಡೆಯ ಮುಂದೆಯೇ ಅದೇ ನೌಕೆ 34 ನಾಟ್ ವೇಗದಲ್ಲಿ ಓಡಿತು.

ಸಾಂಗ್ಲಿಯ ಕೃಷ್ಣೆಯೇ ಕೆಳಗೆ ಹರಿದು ವಿಜಯವಾಡ ಮುಟ್ಟುತ್ತಾಳೆ. 2018ರ ನವೆಂಬರಿನಲ್ಲಿ ಅಲ್ಲಿ ಆಕೆಯ ಮೇಲೆ ಎಫ್1ಎಚ್2ಒ ವಿಶ್ವ ಪಂದ್ಯದ ಒಂದು ಸುತ್ತು ನಡೆಯಿತು. ಗಂಟೆಗೆ 200 ಕಿ.ಮೀ. ಮೀರುವ ಆ ದೋಣಿಗಳಿಗೆ ಒಂದೊಂದೇ ಎಂಜಿನ್. ಅಲೆಯೇಳುವ ತೆರೆದ ಸಮುದ್ರದಲ್ಲಿ ಓಡುವ ದೊಡ್ಡ ವೇಗದ ದೋಣಿಗಳಿಗೆ ಸಾಮಾನ್ಯವಾಗಿ ಎರಡು.

ಎರಡು ಎಂಜಿನ್ ಎಂದೊಡನೆ ವೇಗವೂ ಇಮ್ಮಡಿ ಎಂದು ಯಾರಾದರೂ ಎಣಿಸಿದರೆ ಅದು ಭ್ರಮೆ. ನೀರಿನ ಮೇಲೆ ಎದ್ದು ಜಾರುವ ದೋಣಿಯಲ್ಲಿ ವೇಗ ಹೆಚ್ಚುವುದು ಸರಿಸುಮಾರು ಶಕ್ತಿಯ ವರ್ಗಮೂಲದಂತೆ. ಶಕ್ತಿ ಇಮ್ಮಡಿಯಾದರೆ ವೇಗ 1.4 ಪಟ್ಟು, ಅದರಲ್ಲಿಯೂ ಎರಡನೆಯ ಎಂಜಿನ್ನಿನ ತೂಕ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ ಉಳಿದ ಒಂದೆರಡು ಕಿ.ಮೀ.ಗಳನ್ನು ಗಳಿಸಬೇಕಾದದ್ದು ಹೊಂದಾಣಿಕೆಯಿಂದಲೇ.

ಜೋಡಿಯಲ್ಲಿ ಒಂದು ಪ್ರೊಪೆಲರ್ ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುತ್ತದೆ. ಒಂದೇ ಕಡೆಗೆ ತಿರುಗಿದರೆ ಸ್ಟೇರಿಂಗ್ ಒಂದು ಬದಿಗೆ ಎಳೆಯುತ್ತದೆ. ಎದುರುಬದುರಾದಾಗ ಎಳೆತಗಳು ಪರಸ್ಪರ ಅಳಿದುಹೋಗುತ್ತವೆ. ಎರಡರ ಪಿಚ್ಚೂ ಕಪ್ಪಿಂಗೂ ಒಂದೇ ಇರಬೇಕು. ಅಚ್ಚಿನಲ್ಲಿ ಒಂದೇ ಸಂಖ್ಯೆ ಒತ್ತಿದ್ದರೂ ಎರಕ ಒಂದೇ ಆಗಿರುತ್ತದೆಂದು ನಂಬುವಂತಿಲ್ಲ. ಈ ಮಾತಿಗೆ ಎರಕದ ಕಾರ್ಖಾನೆಯಲ್ಲಿ ದುಡಿದವರು ನಗುತ್ತ ತಲೆಯಾಡಿಸುವರು. ಎರಡು ಎಂಜಿನ್‌ಗಳನ್ನು ಜೋಡಿಸುವ ಟೈ-ಬಾರಿನ ಉದ್ದವನ್ನು ಕೂದಲೆಳೆಯಷ್ಟು ಬದಲಿಸಿ ಅವುಗಳ ಮೂತಿಯನ್ನು ತುಸು ಒಳಕ್ಕೋ ಹೊರಕ್ಕೋ ತಿರುಗಿಸಿ ನೋಡಬೇಕು, ಕಾರಿನ ಚಕ್ರಗಳ ಅಲೈನ್‌ಮೆಂಟಿನಂತೆ.

ಎತ್ತರದ ವಿಷಯ ಇನ್ನೂ ಸೂಕ್ಷ್ಮ. ಎಂಜಿನ್ನನ್ನು ಮೇಲೆತ್ತಿದಷ್ಟೂ ನೀರಿನಲ್ಲಿ ಎಳೆದುಕೊಂಡು ಹೋಗುವ ಗೇರ್‌ಕೇಸು ಕಡಿಮೆಯಾಗುತ್ತದೆ, ವೇಗ ಏರುತ್ತದೆ. ಆದರೆ ತಂಪಿಗೆ ನೀರು ಹೀರುವ ತೂತುಗಳು ಅಲ್ಲಿಯೇ ಇವೆ. ಹೀಗಾಗಿ ಅರ್ಧ ಅಂಗುಲ ಎತ್ತುವುದು, ನೀರಿನ ಒತ್ತಡದ ಮೀಟರ್ ನೋಡುವುದು, ಮತ್ತೆ ಅರ್ಧ ಅಂಗುಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಅಷ್ಟೇ ಇಂಧನ, ಅಷ್ಟೇ ಜನ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓಡಿಸಿ ಸರಾಸರಿ ತೆಗೆಯಬೇಕು. ಇಲ್ಲದಿದ್ದರೆ ಹೊಳೆಯ ಸೆಳೆತವೇ ನಮ್ಮ ಜಾಣ್ಮೆಯೆಂದು ತೋರೀತು. ನಡೆಸುವವನ ಮೈಗೆ ಎಂಜಿನ್ ನಿಲ್ಲಿಸುವ ಹಗ್ಗ ಬಿಗಿದಿರಲೇಬೇಕು: ಆತ ನೀರಿಗೆ ಬಿದ್ದರೆ ಎಂಜಿನ್ನೂ ಆ ಕ್ಷಣವೇ ನಿಲ್ಲುತ್ತದೆ.

ಹೀಗೆ ವೇಗಕ್ಕೆಂದೇ ಹದಗೊಳಿಸಿದ ದೋಣಿ ಬೇರೆ ಕೆಲಸಕ್ಕೆ ಒದಗುವುದೇ ಎಂಬ ಪ್ರಶ್ನೆ ಸಾಂಗ್ಲಿಯಲ್ಲಿ ಬರಿಯ ಕುತೂಹಲದ್ದಲ್ಲ. 2019ರ ಆಗಸ್ಟ್ ಮಹಾಪೂರದಲ್ಲಿ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಳು. ಅಪಾಯದ ಮಟ್ಟ 45 ಅಡಿ. ಆಗಸ್ಟ್ 8ರಂದು ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ, ಊರು ಬಿಟ್ಟು ಹೊರಟ ಜನರಿಂದ ಕಿಕ್ಕಿರಿದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಮಿತಿಮೀರಿ ತುಂಬಿದ ದೋಣಿಯನ್ನು ಯಾವ ಪ್ರೊಪೆಲರೂ ಕಾಪಾಡದು. ಆದರೆ ಮಿತಿಯೊಳಗಿನ ಭಾರವನ್ನಾದರೂ ಸೆಳವಿನ ವಿರುದ್ಧ ಒಯ್ಯಬೇಕಾದ ದೋಣಿಗೆ ಪಂದ್ಯದ ಪಿಚ್ ಹಾಕಿದ್ದರೆ ಅದು ನೀರಿನಿಂದ ಮೇಲೇಳುವುದೇ ಇಲ್ಲ. ಮೂತಿ ಎತ್ತಿ, ಹಿಂಬದಿ ತಗ್ಗಿಸಿ, ಎಂಜಿನ್ ಒರಲುತ್ತ ನಿಂತಲ್ಲೇ ಹೆಣಗುತ್ತದೆ. ಅಲ್ಲಿ ಬೇಕಾದದ್ದು ಎರಡು ಮೂರು ಅಂಗುಲ ಕಡಿಮೆ ಪಿಚ್. ತುದಿವೇಗ ಹೋಗಲಿ, ಎಳೆಯುವ ಬಲ ಬರುತ್ತದೆ.

ಲೋಹದ ಆಯ್ಕೆಯೂ ತಲೆಕೆಳಗಾಗುತ್ತದೆ. ಪೂರದ ನೀರಿನಡಿ ಬೇಲಿಯ ಕಂಬವಿದೆ, ಕಬ್ಬಿನ ಗದ್ದೆಯಿದೆ, ಮನೆಯ ಪೌಳಿಯಿದೆ. ಅಲ್ಯುಮಿನಿಯಂ ಎಲೆ ತಾನು ಬಾಗಿ ಗೇರನ್ನು ಉಳಿಸುತ್ತದೆ. ಉಕ್ಕಿನ ಎಲೆ ಪೆಟ್ಟನ್ನು ಒಳಗೆ ಕಳಿಸುತ್ತದೆ. ಎರಡು ಎಂಜಿನ್ ಇದ್ದರೆ ಒಂದಕ್ಕೆ ಹಗ್ಗ ಸುತ್ತಿಕೊಂಡರೂ ಇನ್ನೊಂದು ದಡ ಮುಟ್ಟಿಸುತ್ತದೆ ಎಂಬ ಧೈರ್ಯ ನಿಜ. ಆದರೆ ಜೋಡಿಗೆಂದು ಆರಿಸಿದ ಪಿಚ್ ಒಂಟಿ ಎಂಜಿನ್ನಿಗೆ ಭಾರವೇ. ಥ್ರಾಟಲ್ ತಗ್ಗಿಸಿ ಮೆಲ್ಲಗೆ ನಡೆಸಬೇಕು.

ಪ್ರೊಪೆಲರ್ ಬದಲಿಸುವುದು ದಡದಲ್ಲಿ ಕೆಲವೇ ನಿಮಿಷಗಳ ಕೆಲಸ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಎಲೆಯ ನಡುವೆ ಮರದ ತುಂಡು ಸಿಕ್ಕಿಸಿ ಪಾನಾದಿಂದ ನಟ್ಟು ಬಿಚ್ಚಬೇಕು. ಹೊಸದನ್ನು ಗ್ರೀಸ್ ಹಚ್ಚಿದ ಶಾಫ್ಟಿಗೆ ಏರಿಸಿ, ವಾಷರನ್ನು ಮೊದಲಿದ್ದ ಕ್ರಮದಲ್ಲಿಯೇ ಇಟ್ಟು, ಕಾಟರ್ ಪಿನ್ ಮಡಿಸಬೇಕು. ಮಳೆಗಾಲದಲ್ಲಿ ಕಡಿಮೆ ಪಿಚ್ಚಿನ ಒಂದು ಜೋಡಿಯನ್ನೂ ಪಾನಾವನ್ನೂ ಹೆಚ್ಚಿನ ನಾಲ್ಕು ಪಿನ್ನುಗಳನ್ನೂ ಗೋಣಿಚೀಲದಲ್ಲಿ ಸುತ್ತಿ ದೋಣಿಯಲ್ಲಿಯೇ ಇಟ್ಟಿರಬೇಕು.