ಹೃದಯ, ಶ್ವಾಸಕೋಶ ರೋಗಿಗಳ ಪುನಶ್ಚೇತನ: ಉದ್ಯಮಿಗಳು ಅರಿಯಬೇಕಾದ ವಿಚಾರ

ಹೃದಯಾಘಾತಕ್ಕೆ ತುತ್ತಾಗಿ ಆಂಜಿಯೋಪ್ಲಾಸ್ಟಿಯನ್ನೋ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೋ ಮಾಡಿಸಿಕೊಂಡ ವರ್ತಕರಲ್ಲಿ ಕೆಲವರು ವಾರ ಕಳೆಯುವುದರೊಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಹಿಂದಿನಂತೆಯೇ ದುಡಿಯತೊಡಗುತ್ತಾರೆ. ಇನ್ನು ಕೆಲವರು ಮೆಟ್ಟಿಲು ಹತ್ತಲೂ ಹೆದರಿ, ವ್ಯವಹಾರವನ್ನು ಮಕ್ಕಳಿಗೊಪ್ಪಿಸಿ ಮನೆಯ ಮೂಲೆ ಸೇರುತ್ತಾರೆ. ಇವೆರಡೂ ಹಾನಿಕರವೇ. ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯುವ ಪುನಶ್ಚೇತನ ಚಿಕಿತ್ಸೆಯು ಇವುಗಳ ನಡುವಿನ ಸುರಕ್ಷಿತ ಮಾರ್ಗವಾಗಿದೆ.

ಈ ಚಿಕಿತ್ಸೆಯಲ್ಲಿ ಮೊದಲು ರೋಗಿಯ ಸಾಮರ್ಥ್ಯವನ್ನು ಅಳೆಯಲಾಗುತ್ತದೆ. 6 ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲರೆಂಬ ಸರಳ ಪರೀಕ್ಷೆ ಅಥವಾ ಟ್ರೆಡ್‌ಮಿಲ್ ಪರೀಕ್ಷೆ ಇದಕ್ಕೆ ಆಧಾರ. ಅನಂತರ ವಾರಕ್ಕೆ 2–3 ಬಾರಿಯಂತೆ, ಸಾಮಾನ್ಯವಾಗಿ 8ರಿಂದ 12 ವಾರಗಳ ಕಾಲ ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ನಾಡಿಬಡಿತ, ರಕ್ತದೊತ್ತಡ, ಅಗತ್ಯವಿದ್ದಲ್ಲಿ ಇ.ಸಿ.ಜಿ.ಯ ಮೇಲೆ ತಜ್ಞರು ನಿಗಾ ಇಡುತ್ತಾರೆ. ಔಷಧ ಸೇವನೆಯಲ್ಲಿ ಶಿಸ್ತು, ಆಹಾರಕ್ರಮ, ತಂಬಾಕು ತ್ಯಜಿಸುವಿಕೆ ಹಾಗೂ ಮನೋಧೈರ್ಯದ ಬಗ್ಗೆ ಸಲಹೆಯೂ ಇದರ ಭಾಗವೇ.

ಇದರ ಫಲಕ್ಕೆ ಆಧಾರವಿದೆ. 63 ಅಧ್ಯಯನಗಳ 14,486 ರೋಗಿಗಳ ವಿವರವನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ಸಮೀಕ್ಷೆಯಂತೆ, ವ್ಯಾಯಾಮಾಧಾರಿತ ಪುನಶ್ಚೇತನದಿಂದ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಮರಣ ಶೇ. 10.4ರಿಂದ 7.6ಕ್ಕೂ, ಆಸ್ಪತ್ರೆ ಸೇರುವವರ ಪ್ರಮಾಣ ಶೇ. 30.7ರಿಂದ 26.1ಕ್ಕೂ ಇಳಿಯಿತು. ಭಾರತದ 24 ಕೇಂದ್ರಗಳಲ್ಲಿ 3,959 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಗಾಧಾರಿತ ಪುನಶ್ಚೇತನ ಪಡೆದವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಆದರೆ ಮರಣ ಮತ್ತು ಮರುಆಘಾತಗಳ ಪ್ರಮಾಣದಲ್ಲಿ ಗಣನೀಯ ಇಳಿಕೆ ಸಿದ್ಧಪಡಲಿಲ್ಲ.

ಶ್ವಾಸಕೋಶದ ರೋಗಿಗಳ ಸ್ಥಿತಿ ತುಸು ಭಿನ್ನ. ಉಬ್ಬಸಕ್ಕೆ ಹೆದರಿ ನಡೆದಾಟ ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸ್ನಾಯು ಸೊರಗಿದಷ್ಟೂ ಉಬ್ಬಸ ಹೆಚ್ಚುತ್ತದೆ. ಕೆಟ್ಟ ಶ್ವಾಸಕೋಶವನ್ನು ಪುನಶ್ಚೇತನ ಚಿಕಿತ್ಸೆ ಮೊದಲಿನಂತೆ ಮಾಡಲಾರದು. ಆದರೆ ಸ್ನಾಯುಗಳನ್ನು ಬಲಪಡಿಸಿ, ತುಟಿ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡುವಂತಹ ಕ್ರಮಗಳನ್ನು ಕಲಿಸಿ, ಈ ವಿಷಚಕ್ರವನ್ನು ತಡೆಯುತ್ತದೆ.

ಇಲ್ಲಿ ಉದ್ಯಮಿಗಳ ಹೊಣೆ ದೊಡ್ಡದು. ಬೆಳಗಾವಿಯ ಫೌಂಡ್ರಿಗಳ ಮರಳಿನ ಧೂಳಾಗಲಿ, ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗಳ ಹತ್ತಿಯ ಧೂಳಾಗಲಿ ಶ್ವಾಸಕೋಶಕ್ಕೆ ಅಪಾಯಕಾರಿ. ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ಪೂರ್ಣ ಗುಣಪಡಿಸುವ ಮದ್ದಿಲ್ಲ. ಚಿಕಿತ್ಸೆ ಪಡೆದು ಬಂದ ಕಾರ್ಮಿಕನನ್ನು ಪುನಃ ಅದೇ ಧೂಳಿನಲ್ಲಿ ನಿಲ್ಲಿಸಿದರೆ ಪಡೆದ ಲಾಭವೆಲ್ಲ ನಷ್ಟವಾದಂತೆಯೇ ಸರಿ. ಧೂಳು ಹೀರುವ ವ್ಯವಸ್ಥೆ ಮತ್ತು ಕೆಲಸದ ಬದಲಾವಣೆ, ಎರಡೂ ಅವಶ್ಯಕ.

ಬೈಪಾಸ್ ಆದವರ ಎದೆಮೂಳೆ ಕೂಡಿಕೊಳ್ಳಲು ಕೆಲವು ವಾರಗಳೇ ಬೇಕಾಗುವುದರಿಂದ, ವೈದ್ಯರು ಒಪ್ಪುವವರೆಗೆ ಅವರಿಂದ ಮೂಟೆ ಎತ್ತಿಸಬಾರದು. ಆರಂಭದಲ್ಲಿ ಅರ್ಧ ದಿನದ ಕೆಲಸ ನೀಡುವುದು ಲೇಸು. ಇ.ಎಸ್.ಐ. ವ್ಯಾಪ್ತಿಯ ಅರ್ಹ ಕಾರ್ಮಿಕರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ವಂತಿಗೆಯನ್ನು ಸಕಾಲದಲ್ಲಿ ಪಾವತಿಸಿ ದಾಖಲೆಗಳನ್ನು ಕ್ರಮಬದ್ಧವಾಗಿ ಇಟ್ಟಿರಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಪುನಶ್ಚೇತನದ ವ್ಯವಸ್ಥೆ ಎಲ್ಲಿದೆಯೆಂದು ವೈದ್ಯರನ್ನು ವಿಚಾರಿಸುವುದು ಒಳಿತು. ಕಾರ್ಮಿಕರಿಗೆ ವಾರದಲ್ಲಿ ಎರಡು ಮೂರು ಗಂಟೆಗಳ ಬಿಡುವು ಕೊಡುವುದು ಮಾಲೀಕರಿಗೆ ಭಾರವಾಗಲಾರದು. ನುರಿತ ಕೆಲಸಗಾರನನ್ನು ಕಾಯಂ ಆಗಿ ಕಳೆದುಕೊಳ್ಳುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು.