ಹಲಸಿ: ಕದಂಬರ ಎರಡನೆಯ ರಾಜಧಾನಿ

ಮುಂಡಗೋಡದ ತೆಂಕಣಕ್ಕೆ ಬನವಾಸಿ. ಹಳಿಯಾಳದ ಬಡಗಣಕ್ಕೆ, ನೆರೆಯ ಖಾನಾಪುರ ತಾಲೂಕಿನಲ್ಲಿ ಹಲಸಿ. ಬನವಾಸಿಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಹಲಸಿಯೂ ಒಂದು ಕಾಲಕ್ಕೆ ಅದೇ ಕದಂಬ ವಂಶದ ಅರಸರ ರಾಜಧಾನಿಯಾಗಿದ್ದಿತೆಂಬುದನ್ನು ಬಲ್ಲವರು ಕೆಲವರೇ. ಅಂದಿನ ಶಾಸನಗಳಲ್ಲಿ ಈ ಊರಿಗೆ ಪಲಾಶಿಕಾ ಎಂದು ಹೆಸರು.

ರಾಜಧಾನಿಯೆಂದೊಡನೆ ಅರಮನೆಯನ್ನೂ ಸಿಂಹಾಸನವನ್ನೂ ನೋಡಬಯಸುವುದು ಸಹಜ. ಹಲಸಿಯಲ್ಲಿ ಕದಂಬರ ಅರಮನೆಯು ಕಾಣಸಿಗದು. ಅವರ ಕಥೆಯನ್ನು ನಮಗೆ ಉಳಿಸಿಕೊಟ್ಟುದು ಊರ ಹೊರಗೆ ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣದಿಬ್ಬದಲ್ಲಿ ದೊರೆತ ತಾಮ್ರಪಟಗಳು. ಸಂಸ್ಕೃತದಲ್ಲಿರುವ ಈ ಶಾಸನಗಳನ್ನು ಫ್ಲೀಟ್ ಸಾಹೇಬರು 1877ರಲ್ಲಿ ಓದಿ ಪ್ರಕಟಿಸಿದರು.

ಅವುಗಳಲ್ಲಿ ಯುದ್ಧದ ಮಾತೂ ಇಲ್ಲದಿಲ್ಲ. ರವಿವರ್ಮನು ವಿಷ್ಣುವರ್ಮನನ್ನು ಕೊಂದು, ಕಂಚಿಯ ಒಡೆಯನಾದ ಚಂಡದಂಡನನ್ನು ಸೋಲಿಸಿ, ಪಲಾಶಿಕೆಯಲ್ಲಿ ನೆಲೆನಿಂತನೆಂದು ಅವು ಹೇಳುತ್ತವೆ. ಆದರೆ ಪಟಗಳನ್ನು ಬರೆಯಿಸಿದುದು ಗೆಲವನ್ನು ಸಾರುವುದಕ್ಕಲ್ಲ, ದಾನವನ್ನು ಸ್ಥಿರಪಡಿಸುವುದಕ್ಕೆ. ಕದಂಬರು ಸ್ವಾಮಿ ಮಹಾಸೇನನನ್ನು ಆರಾಧಿಸಿದ, ವೈದಿಕಾಚಾರದಲ್ಲಿ ನಡೆದ ಕುಲದವರು. ಹೀಗಿದ್ದರೂ ಐದನೆಯ ಶತಮಾನದಲ್ಲಿ ಮೃಗೇಶವರ್ಮನು ತನ್ನ ತಂದೆಯ ಭಕ್ತಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಜೈನ ಯತಿಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು. ಅವನ ಮಗನಾದ ರವಿವರ್ಮನ ಕಾಲದ ಕಟ್ಟಳೆಯು ಇನ್ನೂ ಸ್ವಾರಸ್ಯವಾದುದು: ಒಂದು ಹಳ್ಳಿಯ ಹುಟ್ಟುವಳಿಯಿಂದ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನ ಜಿನೋತ್ಸವವು ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರವು ಸಲ್ಲಬೇಕು. ಈ ಸೀಮೆಯ ಆಷಾಢದ ಮಳೆಯನ್ನು ಕಂಡವರಿಗೆ ಆ ನಾಲ್ಕು ತಿಂಗಳ ಅನ್ನದ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ.

ಆರನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರು ತಲೆಯೆತ್ತಲು ಈ ಅರಸೊತ್ತಿಗೆಯು ಅಳಿಯಿತು. ಆದರೂ ಹಲಸಿಯ ಭಾಗ್ಯವು ಅಲ್ಲಿಗೇ ಮುಗಿಯಲಿಲ್ಲ. ಗೋವೆಯ ಕದಂಬರ ಕಾಲಕ್ಕೆ ಪಲಸಿಗೆ ಹನ್ನೆರಡು ಸಾಸಿರವೆಂಬ ನಾಡಿಗೆ ಇದೇ ಹೆಸರು ಉಳಿದಿದ್ದಿತು. ಶಿವಚಿತ್ತ ಪೆರ್ಮಾಡಿಯ 1169ರ ಶಾಸನವು ಇಲ್ಲಿಯ ನರಸಿಂಹದೇವಾಲಯದಲ್ಲಿ ಇದೆ. ಒಂದಕ್ಕೊಂದು ಎದುರಾಗಿ ನಿಂತ ಎರಡು ಗರ್ಭಗುಡಿಗಳುಳ್ಳ ಭೂವರಾಹ ನರಸಿಂಹರ ಆ ದೇಗುಲದಲ್ಲಿ ಪೂಜೆಯು ಇಂದಿಗೂ ನಡೆದಿದೆ. ಅದೇ ಅರಸನ ರಾಣಿಯಾದ ಕಮಲಾದೇವಿಯು ದೇಗಾಂವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನೂ ನೋಡತಕ್ಕದ್ದು.

ಅರಸರು ಹೋದ ಮೇಲೆ ರಾಜಧಾನಿಗಳಿಗೆ ಒದಗುವ ಗತಿಯು ದೂರದೇಶಗಳಲ್ಲಿಯೂ ಇಂತಹದೇ. ಹಂಗೇರಿಯ ಎಸ್ಟರ್ಗೊಮ್ ನಗರವು ಮಧ್ಯಯುಗದ ಅರಸರ ಪೀಠವಾಗಿದ್ದಿತು. 1241ರಲ್ಲಿ ಮಂಗೋಲರ ದಾಳಿಯಾದ ಬಳಿಕ ನಾಲ್ಕನೆಯ ಬೇಲ ರಾಜನು ಬುಡಾ ನಗರಕ್ಕೆ ತೆರಳಿದನು. ಮುಂದೆ ಮಣ್ಣಿನಲ್ಲಿ ಹೂತುಹೋದ ಅರಮನೆಯನ್ನು 1934ರಿಂದ 1938ರ ವರೆಗೆ ಅಗೆದು ತೆಗೆದರು. ಅಲ್ಲಿ ಮಣ್ಣು ಅರಮನೆಯನ್ನು ಹಿಂದಿರುಗಿಸಿತು; ನಮ್ಮಲ್ಲಿ ದಾನದ ಮಾತನ್ನು ಹಿಂದಿರುಗಿಸಿತು.

ದಿಬ್ಬದಲ್ಲಿ ಸಿಕ್ಕ ಆ ತಾಮ್ರವನ್ನು ಯಾರಾದರೂ ಕರಗಿಸಿ ತಂಬಿಗೆ ಮಾಡಿಸಿದ್ದರೆ ಮೃಗೇಶವರ್ಮನ ದಾನದ ಸುದ್ದಿಯು ನಮಗೆ ಮುಟ್ಟುತ್ತಿರಲಿಲ್ಲ. ಹೊಲದ ಬದುವಿನಲ್ಲಿಯೋ ಹಿತ್ತಿಲಿನಲ್ಲಿಯೋ ಅಕ್ಷರವುಳ್ಳ ಕಲ್ಲಾಗಲಿ ಲೋಹವಾಗಲಿ ಕಂಡರೆ ಅದನ್ನು ಅಲಕ್ಷಿಸದೆ ಬಲ್ಲವರಿಗೆ ತೋರಿಸುವುದು ಗೃಹಸ್ಥರಿಂದ ಆಗಬಹುದಾದ ಕೆಲಸ. ದಾನವನ್ನು ಕೊಟ್ಟವನು ಅರಸನಾದರೂ ಅದರ ನೆನಪನ್ನು ಕಾಯುವ ಭಾರವು ನಮ್ಮದು.