ಬಾಬಿನ್ ನುಂಗುವ ಕುಣಿಕೆ

ರೈಸ್ ಮಿಲ್ಲಿನಿಂದ ಬಂದ ಅಕ್ಕಿ ಚೀಲದ ಬಾಯಿ ಬಿಚ್ಚುವುದು ಗೊತ್ತಿದ್ದವರಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ, ಗೊತ್ತಿಲ್ಲದವರಿಗೆ ಕತ್ತರಿ ಹುಡುಕುವ ಕೆಲಸ. ಸಿಂಧನೂರಿನ ನಮ್ಮ ಓಣಿಯ ಕಿರಾಣಿ ಅಂಗಡಿಯ ಹುಡುಗ ಚೀಲವನ್ನು ಒಮ್ಮೆ ತಿರುಗಿಸಿ ನೋಡುತ್ತಾನೆ, ಹೊಲಿಗೆ ಮುಗಿದ ತುದಿಯನ್ನು ಪತ್ತೆ ಹಚ್ಚುತ್ತಾನೆ, ಅಲ್ಲಿಯ ಕೊನೆಯ ಕುಣಿಕೆಯನ್ನು ಉಗುರಿನಿಂದ ಬಿಡಿಸಿ ಎಳೆಯುತ್ತಾನೆ. ಸರ್ರನೆ ಇಡೀ ಬಾಯಿ ತೆರೆದುಕೊಳ್ಳುತ್ತದೆ, ಕೈಯಲ್ಲಿ ಉದ್ದನೆಯ ದಾರ ಉಳಿಯುತ್ತದೆ. ಅದೇ ದಾರವನ್ನು ಇನ್ನೊಂದು ತುದಿಯಿಂದ ಎಳೆದರೆ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ.

ನಾನು ತೊಟ್ಟ ಜಂಪರಿನ ಹೊಲಿಗೆಯೂ ಮಿಷನ್ನಿನದೇ. ಆದರೆ ಅದರ ದಾರದ ತುದಿ ಹಿಡಿದು ಎಷ್ಟು ಎಳೆದರೂ ತೋಳು ಕಳಚಿ ಕೈಗೆ ಬರುವುದಿಲ್ಲ. ಚೀಲದ್ದೂ ಹೊಲಿಗೆ, ಜಂಪರಿನದ್ದೂ ಹೊಲಿಗೆ. ಒಂದು ಬಿಚ್ಚುತ್ತದೆ, ಇನ್ನೊಂದು ಬಿಚ್ಚುವುದಿಲ್ಲ. ಹೊಲಿಗೆಯನ್ನು ಹವ್ಯಾಸವಾಗಿ ಹಿಡಿದು ಎಷ್ಟೋ ವರ್ಷವಾದ ಮೇಲೆ ಈ ಪ್ರಶ್ನೆ ನನಗೆ ಹೊಳೆಯಿತು. ಉತ್ತರ ಹುಡುಕುತ್ತ ಹೋದಾಗ ದಿನಾ ತುಳಿಯುವ ಮಿಷನ್ನೇ ಹೊಸದಾಗಿ ಕಂಡಿತು.

ಚೀಲದ ಹೊಲಿಗೆಗೆ ಇರುವುದು ಒಂದೇ ದಾರ. ಸೂಜಿ ಒಂದು ಕುಣಿಕೆಯನ್ನು ಬಟ್ಟೆಯಡಿ ಬಿಡುತ್ತದೆ, ಮುಂದಿನ ಕುಣಿಕೆ ಬಂದು ಆ ಕುಣಿಕೆಯೊಳಗೆ ತೂರಿ ಅದನ್ನು ಹಿಡಿದು ನಿಲ್ಲುತ್ತದೆ. ಅದನ್ನು ಹಿಡಿಯಲು ಅದರ ಮುಂದಿನದು. ಹೀಗೆ ಸರಪಳಿ. ಕೊನೆಯ ಕುಣಿಕೆಯನ್ನು ಹಿಡಿಯಲು ಯಾರೂ ಇರುವುದಿಲ್ಲ. ಅದನ್ನು ಬಿಟ್ಟರೆ ಒಂದರ ಹಿಂದೆ ಒಂದು ಎಲ್ಲವೂ ಕೈಬಿಡುತ್ತವೆ. ಉಲ್ಲನ್ ಹೆಣಿಗೆಯೂ ಕ್ರೋಶಾ ಕೂಡ ಇದೇ ಕುಲದವು. ನಮ್ಮ ಬಿಸಿಲಿಗೆ ಸ್ವೆಟರ್ ಯಾರಿಗೂ ಬೇಡ, ಆದರೂ ಉಲ್ಲನ್ನಿನ ಬಾಗಿಲ ತೋರಣ ಇಲ್ಲದ ಮನೆ ಈ ಸೀಮೆಯಲ್ಲಿ ಕಡಿಮೆ. ಕ್ರೋಶಾ ಕಲಿಯುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ತಪ್ಪಿದರೆ ಎಳೆದುಬಿಡು, ದಾರ ಹಾಗೇ ಇರುತ್ತದೆ, ಮತ್ತೆ ಶುರುಮಾಡು. ಕತ್ತರಿಸಿದ ಬಟ್ಟೆಗೆ ಆ ಸೌಲಭ್ಯ ಇಲ್ಲ.

ಲೋಕದಲ್ಲಿ ಮೊದಲು ನಿಜವಾಗಿ ಕೆಲಸಕ್ಕೆ ಬಂದ ಹೊಲಿಗೆ ಯಂತ್ರವೂ ಇದೇ ಸರಪಳಿ ಹೊಲಿಗೆಯದ್ದು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸ್ಸಿನಲ್ಲಿ ಅವನ ಕಾರ್ಖಾನೆ ಶುರುವಾದಾಗ, ಅನ್ನಕ್ಕೆ ಕುತ್ತು ಬಂತೆಂದು ಊರಿನ ದರ್ಜಿಗಳು ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಅವರ ಭಯ ನನಗೆ ಅರ್ಥವಾಗುತ್ತದೆ.

ಇನ್ನು ಜಂಪರಿನ ಹೊಲಿಗೆ. ಇದಕ್ಕೆ ದಾರ ಎರಡು, ಮೇಲೊಂದು, ಕೆಳಗೊಂದು. ಪ್ರತಿ ಹೊಲಿಗೆಯಲ್ಲೂ ಅವೆರಡು ಬಟ್ಟೆಯ ನಡುಮಧ್ಯದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಇಷ್ಟು ಎಲ್ಲ ಟೇಲರಿಂಗ್ ಕ್ಲಾಸಿನಲ್ಲೂ ಹೇಳುತ್ತಾರೆ. ಆದರೆ ನಿಂತು ಯೋಚಿಸಿ. ಒಂದು ದಾರ ಇನ್ನೊಂದಕ್ಕೆ ಸುತ್ತಿಕೊಳ್ಳಬೇಕಾದರೆ ಅದರ ತುದಿಯೊಂದು ಖಾಲಿ ಇರಬೇಕು, ಆ ತುದಿಯನ್ನು ಇನ್ನೊಂದರ ಸುತ್ತ ಹಾಯಿಸಬೇಕು. ಮೇಲಿನ ದಾರದ ಒಂದು ತುದಿ ಆಗಲೇ ಬಟ್ಟೆಯಲ್ಲಿ ಹೊಲಿದುಹೋಗಿದೆ, ಇನ್ನೊಂದು ತುದಿ ರೀಲಿನಲ್ಲಿದೆ. ಕೆಳಗಿನದ್ದೂ ಹಾಗೇ: ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ಬಾಬಿನ್. ಎರಡಕ್ಕೂ ಖಾಲಿ ತುದಿಯೇ ಇಲ್ಲ. ಹಾಗಿದ್ದ ಮೇಲೆ ಕೊಂಡಿ ಬೀಳುವುದು ಹೇಗೆ?

ನೋಡಲು ಒಂದು ಉಪಾಯ ಇದೆ. ಮೇಲೆ ಬಿಳಿ ದಾರ ಹಾಕಿ, ಬಾಬಿನ್ನಿಗೆ ಕೆಂಪು ಸುತ್ತಿ, ಬಟ್ಟೆಯ ಚೂರೊಂದನ್ನು ಫೂಟಿನಡಿ ಇಡಿ. ಸೂಜಿಯ ಪಕ್ಕದ ಸರಿಯುವ ತಗಡನ್ನು ತೆರೆದಿಡಿ. ಪೆಡಲ್ ತುಳಿಯಬೇಡಿ, ಚಕ್ರವನ್ನು ಕೈಯಿಂದ ಬೆರಳಷ್ಟು ಬೆರಳಷ್ಟೇ ತಿರುಗಿಸಿ. ಸೂಜಿ ಬಟ್ಟೆಯನ್ನು ಚುಚ್ಚಿ ತಳ ಮುಟ್ಟುತ್ತದೆ. ಆಮೇಲೆ ಎರಡು ಮಿಲಿಮೀಟರಿನಷ್ಟು ಮೇಲೇಳುತ್ತದೆ. ಆ ಗಳಿಗೆಯಲ್ಲಿ ಕಣ್ಣು ಮಿಟುಕಿಸಬೇಡಿ. ಸೂಜಿ ಮೇಲೆ ಹೊರಟಿತು, ದಾರ ಮಾತ್ರ ಬಟ್ಟೆಯ ಬಿಗಿಗೆ ಸಿಕ್ಕು ಜೊತೆಗೆ ಏರಲಾರದೆ ಸೂಜಿಯ ಪಕ್ಕದಲ್ಲಿ ಚಿಕ್ಕ ಕುಣಿಕೆಯಾಗಿ ಉಬ್ಬುತ್ತದೆ. ಹೆಸರುಕಾಳು ಸಹ ಹಿಡಿಯದಷ್ಟು ಚಿಕ್ಕದು. ಶಟಲ್ಲಿನ ಚೂಪಾದ ಕೊಕ್ಕೆ ಸರಿಯಾಗಿ ಆ ಹೊತ್ತಿಗೆ ಬಂದು ಕುಣಿಕೆಯೊಳಗೆ ಮೂಗು ತೂರಿಸುತ್ತದೆ. ಇನ್ನಷ್ಟು ತಿರುಗಿಸಿ. ಕೊಕ್ಕೆ ಕುಣಿಕೆಯನ್ನು ಹಿಗ್ಗಿಸುತ್ತ ಕೆಳಕ್ಕೆ ಒಯ್ಯುತ್ತದೆ. ಆ ಬಿಳಿ ಕುಣಿಕೆ ಬಾಬಿನ್ ಕೇಸಿನ ಮುಂದೆ ಒಂದು ಎಳೆ, ಹಿಂದೆ ಒಂದು ಎಳೆಯಾಗಿ ಹಾದು, ಕೆಂಪು ದಾರದ ಇಡೀ ಉಂಡೆಯನ್ನು ಒಂದೇ ತುತ್ತಿಗೆ ನುಂಗಿ ಆಚೆ ಬರುತ್ತದೆ.

ಇದೇ ಗುಟ್ಟು. ದಾರದ ತುದಿಯನ್ನು ಕುಣಿಕೆಯಲ್ಲಿ ಹಾಯಿಸಲು ಆಗದಿದ್ದರೆ, ದಾರದ ಭಂಡಾರವನ್ನೇ ಹಾಯಿಸು. ಅದಕ್ಕಾಗಿಯೇ ಬಾಬಿನ್ ಕೇಸನ್ನು ಮಿಷನ್ನಿಗೆ ಗಟ್ಟಿಯಾಗಿ ಬಿಗಿದಿಲ್ಲ. ಸುತ್ತ ಎಲ್ಲ ಕಡೆ ಒಂದು ದಾರ ಹಾಯುವಷ್ಟು ಸಂದು ಬಿಟ್ಟು, ತಿರುಗದಂತೆ ತಡೆ ಮಾತ್ರ ಕೊಟ್ಟು ಕೂರಿಸಿದ್ದಾರೆ. ಅದಕ್ಕಾಗಿಯೇ ಬಾಬಿನ್ ಸಣ್ಣದು, ಎರಡು ಸೆಂಟಿಮೀಟರ್ ಅಗಲದ್ದು. ಲಂಗದ ಅಂಚು ಮುಗಿಯಲು ಇನ್ನೊಂದು ಗೇಣು ಇದೆ ಅನ್ನುವಾಗ ಕೆಳಗಿನ ದಾರ ತೀರಿಹೋದರೆ ನಾನೂ ಮೊದಲು ಗೊಣಗುತ್ತಿದ್ದೆ, ಇದನ್ನು ದೊಡ್ಡದಾಗಿ ಮಾಡಲು ಇವರಿಗೆ ಏನಾಗಿತ್ತು ಎಂದು. ಬಾಬಿನ್ ದೊಡ್ಡದಾದರೆ ಕುಣಿಕೆಯೂ ದೊಡ್ಡದಾಗಬೇಕು, ಪ್ರತಿ ಹೊಲಿಗೆಗೂ ಅಷ್ಟು ಹೆಚ್ಚು ದಾರ ಕೆಳಗಿಳಿದು ಮೇಲೇರಬೇಕು ಎಂದು ತಿಳಿದ ಮೇಲೆ ಗೊಣಗುವುದು ಬಿಟ್ಟೆ.

ಈಗಲೇ ಆ ಓಡಾಟ ಕಡಿಮೆಯದ್ದಲ್ಲ. ಕೇಸನ್ನು ಸುತ್ತಿ ಬರಲು ಏಳೆಂಟು ಸೆಂಟಿಮೀಟರ್ ದಾರ ಬೇಕು. ಹೊಲಿಗೆಯಲ್ಲಿ ಖರ್ಚಾಗಿ ಉಳಿಯುವುದು ಮೂರು ಮಿಲಿಮೀಟರಿನಷ್ಟು. ಉಳಿದದ್ದನ್ನೆಲ್ಲ ಮೇಲಿನ ದಾರ ಎಳೆಯುವ ಮಿಷನ್ನಿನ ಕೈ ವಾಪಸ್ ಸೆಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ದಾರದ ಒಂದೊಂದು ಚೂರೂ ಬಟ್ಟೆಯಲ್ಲಿ ಕೂರುವ ಮೊದಲು ಇಪ್ಪತ್ತು ಸಲಕ್ಕಿಂತ ಹೆಚ್ಚು ಸೂಜಿಯ ಕಣ್ಣಿನಲ್ಲಿ ಹೋಗಿ ಬಂದಿರುತ್ತದೆ. ಸಂತೆಯಲ್ಲಿ ಸಸ್ತಾ ಸಿಕ್ಕಿತೆಂದು ತಂದ ರೀಲು ಕೈಹೊಲಿಗೆಯಲ್ಲಿ ಸುಮ್ಮನಿದ್ದು ಮಿಷನ್ನಿಗೆ ಹಾಕಿದೊಡನೆ ಜೂಲು ಬಿಟ್ಟುಕೊಂಡು ಪಟಪಟನೆ ಹರಿಯುವುದು ಇದೇ ಕಾರಣಕ್ಕೆ.

ಈ ಎರಡು ದಾರದ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಅವನ ಯಂತ್ರದ ಶಟಲ್ ದೋಣಿಯಾಕಾರದ್ದು, ಕುಣಿಕೆಯೊಳಗೆ ಅತ್ತಿಂದಿತ್ತ ಓಡುವಂಥದ್ದು. ನೇಕಾರಿಕೆ ಕಂಡವರಿಗೆ ಇದು ಹೊಸದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಿಂದ ಇಳಕಲ್ಲು ಎಷ್ಟು ದೂರ? ಅಲ್ಲಿಯ ಮಗ್ಗದ ಮೇಲೆ ಹಾಸಿನ ಎಳೆಗಳ ನಡುವೆ ಓಡುವ ಲಾಳಿಯೂ ಮಾಡುವುದು ಇದನ್ನೇ. ಎಳೆಗಳನ್ನು ಅರಳಿಸಿ ದಾರಿ ಮಾಡು, ದಾರದ ಉಂಡೆ ಹೊತ್ತ ಲಾಳಿಯನ್ನು ಆ ದಾರಿಯಲ್ಲಿ ಕಳಿಸು. ಇಂಗ್ಲಿಷಿನಲ್ಲಿ ಮಗ್ಗದ ಲಾಳಿಗೂ ಶಟಲ್ ಎಂದೇ ಹೆಸರು. ನಮ್ಮ ದರ್ಜಿಗಳು ಇವತ್ತು ಶಟಲ್ ಕೆಟ್ಟಿದೆ ಅನ್ನುವಾಗ ಆ ಮಗ್ಗದ ಮಾತೇ ಬಾಯಲ್ಲಿ ಬರುತ್ತದೆ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದು ಮನೆ ಮನೆಗೆ ಮುಟ್ಟಿಸಿದ. ಯಂತ್ರಗಳ ಬಗ್ಗೆ ಅಷ್ಟು ಅನುಮಾನವಿದ್ದ ಗಾಂಧೀಜಿ 1924ರಲ್ಲಿ ತಮ್ಮ ನಿಲುವು ವಿವರಿಸುತ್ತ ಸಿಂಗರ್ ಮಿಷನ್ನಿಗೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂದು ಅವರು ಕೇಳಿದ್ದರು.

ಸೂಜಿಯನ್ನೂ ಒಮ್ಮೆ ಬಿಡಿಸಿ ಕೈಯಲ್ಲಿಟ್ಟು ನೋಡಬೇಕು. ಕೈಸೂಜಿಯ ಕಣ್ಣು ಬಾಲದಲ್ಲಿದೆ, ಮಿಷನ್ ಸೂಜಿಯ ಕಣ್ಣು ಮೊನೆಯ ಹತ್ತಿರ. ಕೈಸೂಜಿ ಬಟ್ಟೆಯನ್ನು ಪೂರ್ತಿ ದಾಟಿ ಆಚೆ ಹೋಗುತ್ತದೆ, ಮಿಷನ್ ಸೂಜಿ ಎಂದೂ ದಾಟುವುದಿಲ್ಲ, ಮುಳುಗಿ ಎದ್ದು ಬರುತ್ತದೆ ಅಷ್ಟೆ. 16ನೇ ನಂಬರಿನ ಸೂಜಿಯ ದಪ್ಪ 1 ಮಿಲಿಮೀಟರ್. ಉಗುರು ಆಡಿಸಿದರೆ ಅದರ ಒಂದು ಮೈಯಲ್ಲಿ ಉದ್ದಕ್ಕೂ ಕಾಲುವೆ ಸಿಗುತ್ತದೆ. ಇಳಿಯುವಾಗ ದಾರ ಬಟ್ಟೆಗೆ ಉಜ್ಜದಂತೆ ಅದರಲ್ಲಿ ಅಡಗುತ್ತದೆ. ಇನ್ನೊಂದು ಮೈಯಲ್ಲಿ ಆ ಉದ್ದನೆಯ ಕಾಲುವೆ ಇಲ್ಲ. ಅಲ್ಲಿ ದಾರಕ್ಕೆ ಅಡಗುವ ಜಾಗವಿಲ್ಲದ್ದರಿಂದ ಬಟ್ಟೆ ಅದನ್ನು ಹಿಡಿದು ನಿಲ್ಲಿಸುತ್ತದೆ, ಕುಣಿಕೆ ಉಬ್ಬುವುದು ಆ ಕಡೆಗೇ. ಸೂಜಿಯ ತಲೆಯ ಚಪ್ಪಟೆ ಭಾಗ ಕೊಕ್ಕೆಯ ಕಡೆಗೆ ಇರಲೇಬೇಕು ಅನ್ನುವುದು ಇದಕ್ಕೆ. ತಿರುಗುಮುರುಗಾಗಿ ಹಾಕಿದರೆ ಕುಣಿಕೆ ಆಚೆ ಬದಿಯಲ್ಲಿ ಹುಟ್ಟುತ್ತದೆ, ಕೊಕ್ಕೆ ಈಚೆ ಬದಿಯಲ್ಲಿ ಬರಿಗೈಯಲ್ಲಿ ಹೋಗುತ್ತದೆ.

ನಾನು ಕಲಿಯುತ್ತಿದ್ದ ಮೊದಲ ವರ್ಷ ಬಟ್ಟೆಯಡಿ ದಾರ ಗೂಡುಗಟ್ಟಿಕೊಂಡು ಕೂರುತ್ತಿತ್ತು. ಕೆಳಗೆ ಗಂಟು, ಆದ್ದರಿಂದ ತಪ್ಪು ಕೆಳಗೇ ಎಂದು ಬಾಬಿನ್ ಕೇಸಿನ ಸಣ್ಣ ತಿರುಪನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ, ಕಡೆಗೆ ಕಳೆದೇಬಿಟ್ಟೆ. ಸಿಂಧನೂರಿನ ಹಳೇ ಬಜಾರಿನ ಹಿರಿಯ ದರ್ಜಿಯೊಬ್ಬರು ಬಂದು ಮಿಷನ್ನಿನ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಕೆಳಗ ಗಂಟು ಬಿತ್ತಂದ್ರ ಮ್ಯಾಲ ನೋಡಬೇಕ್ರೀ ಅಕ್ಕಾರ" ಅಂದರು. ಮೇಲಿನ ದಾರ ಟೆನ್ಶನ್ ತಟ್ಟೆಗಳ ನಡುವೆ ಕೂತಿರಲೇ ಇಲ್ಲ, ಹೊರಗೆ ಜಾರಿತ್ತು. ಬಿಗಿಯಿಲ್ಲದ ದಾರವನ್ನು ಎಳೆಯುವ ಕೈ ಎಷ್ಟು ಎಳೆದರೂ ರೀಲಿನಿಂದ ಹೊಸ ದಾರ ಬರುತ್ತದೆಯೇ ಹೊರತು ಬಾಬಿನ್ ಸುತ್ತಿ ಬಂದ ಕುಣಿಕೆ ಮೇಲೇರುವುದಿಲ್ಲ. ಅದು ಕೆಳಗೇ ಉಳಿಯುತ್ತದೆ, ಒಂದರ ಮೇಲೊಂದು ರಾಶಿಯಾಗುತ್ತದೆ. ಕೆಂಪು ದಾರ, ಬಿಳಿ ದಾರದ ಪ್ರಯೋಗ ನೆನಪಿದ್ದರೆ ಇದನ್ನು ನೀವೇ ಪತ್ತೆ ಮಾಡಬಹುದು: ಕೆಳಬದಿಯಲ್ಲಿ ಬಿಳಿ ಕಂಡರೆ ಮೇಲಿನದು ಸಡಿಲ, ಮೇಲ್ಬದಿಯಲ್ಲಿ ಕೆಂಪು ಇಣುಕಿದರೆ ಮೇಲಿನದು ಅತಿ ಬಿಗಿ.

ಸರಿಯಾಗಿ ಬಿದ್ದ ಮಿಷನ್ ಹೊಲಿಗೆ ಎರಡೂ ಬದಿಗೆ ಒಂದೇ ತರಹದ ತುಂಬಿದ ಗೆರೆ. ಕೈಯಲ್ಲಿ ಇಂಥ ಗೆರೆ ಬೇಕೆಂದರೆ? ಕಸೂತಿಯ ಗವಂತಿ ಹೊಲಿಗೆ ಹಾಕುವವರಿಗೆ ಉತ್ತರ ಗೊತ್ತು. ಒಂದು ದಾರವನ್ನು ಮೇಲೆ ಕೆಳಗೆ ಮಾಡುತ್ತ ಹೋಗಬೇಕು, ನಡುನಡುವೆ ಸಂದು ಉಳಿಯುತ್ತದೆ. ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ಸಂದುಗಳನ್ನು ತುಂಬಬೇಕು. ಗಂಟು ಹಾಕುವ ಹಾಗಿಲ್ಲ, ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಗವಂತಿಯಲ್ಲಿ ಒಂದು ದಾರ ಎರಡು ಸಲ ನಡೆಯುತ್ತದೆ, ಮಿಷನ್ನಿನಲ್ಲಿ ಎರಡು ದಾರ ಒಂದು ಸಲ ನಡೆಯುತ್ತವೆ. ಸಂಜೆ ಕಟ್ಟೆಯ ಮೇಲೆ ಕೂತು ಎಳೆ ಎಣಿಸುತ್ತ ಗವಂತಿ ಹಾಕುವಾಗ ಮರಳುವ ದಾರಿಯೇ ನನಗೆ ಹೆಚ್ಚು ಇಷ್ಟ. ಹೋಗುವಾಗ ಲೆಕ್ಕದ ಚಿಂತೆ ಇರುತ್ತದೆ, ಬರುವಾಗ ಚಿತ್ರ ತಾನಾಗಿ ತುಂಬುತ್ತದೆ.

ಮಿಷನ್ ಸೋಲುವ ಒಂದು ಕೆಲಸ ನಮ್ಮ ಮನೆಯಲ್ಲೇ ಇದೆ: ಕೌದಿ. ಹಳೆಯ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಕ್ಕೆ ಚೌಕ ಚೌಕವಾಗಿ ಹೊಲಿಯುತ್ತ ಬರುವುದು. ಗೊಂದಳಿ ಹೆಣ್ಣುಮಕ್ಕಳು ಊರೂರಿಗೆ ಬಂದು ಹೊಲಿದುಕೊಡುವ ರೂಢಿಯೂ ನಮ್ಮಲ್ಲಿ ಹಳೆಯದು. ಮಿಷನ್ನಿನ ತೋಳಿನಡಿ ಒಂದು ಗೇಣಿಗಿಂತ ಕಡಿಮೆ ಜಾಗ, ಕೌದಿಯ ನಡುಭಾಗ ಅಲ್ಲಿ ತೂರುವುದಿಲ್ಲ. ತೂರಿಸಿದರೂ ಐದಾರು ಪದರಿನ ಮೆತ್ತನೆಯ ಬಟ್ಟೆ ಸೂಜಿಯ ಜೊತೆಗೇ ಮೇಲೆದ್ದು ಬರುತ್ತದೆ, ಬಟ್ಟೆಯ ಜೊತೆ ದಾರವೂ ಏರುತ್ತದೆ, ಕುಣಿಕೆ ಉಬ್ಬುವುದೇ ಇಲ್ಲ, ಕೊಕ್ಕೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲದೆ ಬಿಗಿಯಾದ ಮಿಷನ್ ಗೆರೆ ಪದರುಗಳನ್ನು ಉದ್ದಕ್ಕೂ ಅದುಮಿಬಿಡುತ್ತದೆ. ಕೌದಿ ಬೆಚ್ಚಗಿರುವುದು ಪದರುಗಳ ನಡುವೆ ಅಲುಗಾಡದೆ ನಿಂತ ಗಾಳಿಯಿಂದ. ಕೈಹೊಲಿಗೆ ಪದರು ಸರಿಯದಷ್ಟು ಹಿಡಿದು ಗಾಳಿಗೆ ಜಾಗ ಬಿಡುತ್ತದೆ.

ಸಿಂಧನೂರಿನ ಸುತ್ತಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ಅವರ ಕಾಂಥಾ ಕೂಡ ಹಳೆಯ ಸೀರೆಗಳ ಪದರು, ಅದೇ ಮೇಲೆ ಕೆಳಗೆ ಓಡುವ ಹೊಲಿಗೆ. ಹೂವು, ಮೀನು, ಹಕ್ಕಿ ಅವರವು, ಚೌಕ ಪಟ್ಟಿ ನಮ್ಮವು. ಲಿಂಗಸುಗೂರು ಕಡೆಯ ತಾಂಡಾಗಳ ಲಂಬಾಣಿ ಅವ್ವಂದಿರು ಕನ್ನಡಿ, ಕವಡೆ ಕೂರಿಸುವ ಮೊದಲು ಬಟ್ಟೆಗೆ ಬಟ್ಟೆ ಸೇರಿಸುವುದೂ ಕೈಸೂಜಿಯಿಂದಲೇ.

ನನ್ನ ಅವ್ವನ ತವರು ಮಸ್ಕಿ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಊರೆಂದು ಎಲ್ಲರಿಗೂ ಗೊತ್ತು. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲಿ ಅಗೆದಾಗ ಅದಕ್ಕಿಂತ ಬಹಳ ಹಿಂದಿನ ಜನರ ಬಣ್ಣದ ಕಲ್ಲಿನ ಮಣಿಗಳು ಸಿಕ್ಕವು. ಮಣಿಯೆಂದರೆ ತೂತು, ತೂತೆಂದರೆ ಅದರಲ್ಲಿ ಪೋಣಿಸಿದ ದಾರ. ದಾರ ಮಣ್ಣಾಗಿದೆ, ತೂತು ಉಳಿದಿದೆ.

ಈ ತಿಂಗಳು ಅವ್ವನೂ ನಾನೂ ಒಂದು ಕೌದಿಗೆ ಕೂತಿದ್ದೇವೆ, ಮೂರು ಬದಿ ಮುಗಿದಿದೆ. ಮಿಷನ್ನಿಗೆ ಬಾಬಿನ್ನಿನ ಅಳತೆ ಮಿತಿಯಾದರೆ ಕೈಹೊಲಿಗೆಗೆ ತೋಳಿನ ಅಳತೆ ಮಿತಿ. ಪ್ರತಿ ಸಲವೂ ಇಡೀ ದಾರ ಬಟ್ಟೆಯನ್ನು ದಾಟಬೇಕು, ಕೈ ಚಾಚಿದಷ್ಟೇ ಎಳೆಯಲು ಬರುತ್ತದೆ. ಅವ್ವ ಎದೆಯಿಂದ ಬೆರಳ ತುದಿಯವರೆಗೆ ದಾರ ಅಳೆದು ಹಲ್ಲಿನಿಂದ ಕಡಿಯುತ್ತಾಳೆ. ನಿನ್ನೆ ಪದೇ ಪದೇ ಸೂಜಿ ಪೋಣಿಸಲು ಬೇಸರವಾಗಿ ನಾನು ಅದರ ಎರಡರಷ್ಟು ತೆಗೆದುಕೊಂಡೆ. "ಉದ್ದ ದಾರ ತಗೊಂಡ್ರ ತೊಡಕ ಬೀಳ್ತದ ನೋಡವಾ" ಅಂದಳು. ನಾಲ್ಕನೇ ಎಳೆತಕ್ಕೇ ಬಿತ್ತು. ಅವ್ವ ಕತ್ತರಿ ಚಾಚಿದಳು, ಅರ್ಧಕ್ಕೆ ಕತ್ತರಿಸಿ ಮತ್ತೆ ಪೋಣಿಸಿದೆ.